ಜೋಳಿಗೆಯ ಧರ್ಮ

ಶರಣರು ಬೋಧಿಸಿದ ಸದಾಚಾರವು ಪೂಜೆಯೊಡನೆ ಆರಂಭವಾಗಿ ಪೂಜೆಯೊಡನೆ ಮುಗಿಯತಕ್ಕದ್ದಲ್ಲ. ಅಂಗಡಿಯ ಮುಂದೆ ನಿಂತ ಗಳಿಗೆಯಲ್ಲಿಯೂ ಅದು ಪರೀಕ್ಷೆಗೆ ಒಳಗಾಗುತ್ತದೆ.

ಆಯ್ದಕ್ಕಿ ಮಾರಯ್ಯನ ವೃತ್ತಾಂತವನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಸತಿ ಲಕ್ಕಮ್ಮನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಚೆಲ್ಲಿದುದನ್ನು ವ್ಯರ್ಥವಾಗಗೊಡದವನು ಪತಿ. ಬೇಕಾದುದಕ್ಕಿಂತ ಹೆಚ್ಚನ್ನು ಮನೆಯೊಳಗೆ ಬರಗೊಡದವಳು ಸತಿ. ಗೃಹಸ್ಥಧರ್ಮದ ಎರಡು ಕಣ್ಣುಗಳಿವು.

ಈ ಕಣ್ಣುಗಳಿಂದ ಕೊಡಗಿನ ಮೂರ್ನಾಡಿನಂಥ ಪೇಟೆಯನ್ನು ನೋಡಬೇಕು. ಕರ್ನಾಟಕ ಸರ್ಕಾರವು 2016ನೆಯ ಇಸವಿಯ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮೊದಲಾದುವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಕೇಂದ್ರದ ನಿಯಮವು 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ತಡೆಯಿತು. ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಚೀಲ ಕೂಡದೆಂದು ವಿಧಿಸಿತು. ಆದರೂ ವರ್ತಕನ ಸಂಕಟ ತೀರದು. ಚೀಲ ಕೊಟ್ಟರೆ ದಂಡ. ಕೊಡದಿದ್ದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋದಾನೆಂಬ ಭಯ. ದಂಡವನ್ನು ತೆರುವವನು ವರ್ತಕ. ಕೈಬೀಸಿಕೊಂಡು ಬಂದು ಚೀಲ ಬೇಡಿದವನಿಗೆ ಆ ದೋಷದಲ್ಲಿ ಪಾಲಿಲ್ಲವೆ?

ಆ ಚೀಲವು ಎಲ್ಲಿಗೆ ಹೋಗುವುದೆಂಬುದನ್ನೂ ವಿಚಾರಿಸಬೇಕು. ಕೊಡಗಿನ ಮುಂಗಾರು ಮಳೆಯು ಬೀದಿಯ ಕಸವನ್ನು ಚರಂಡಿಗೂ, ಚರಂಡಿಯದನ್ನು ತೋಡಿಗೂ ಸೆಳೆಯುತ್ತದೆ. ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ, ಬೇತ್ರಿಯಲ್ಲಿ, ಕಾವೇರಿಯೇ ಹರಿಯುತ್ತಾಳೆ. ಕೆಳಗಿನ ಊರುಗಳ ಭಕ್ತರು ಇಷ್ಟಲಿಂಗಕ್ಕೆ ಮಜ್ಜನಕ್ಕೆರೆಯುವುದು ಅದೇ ನೀರನ್ನು. ಮೇಲಿನ ಊರಿನವನು ಹೊಳೆಯನ್ನು ಕೆಡಿಸಿ, ತನ್ನ ಮನೆಯಲ್ಲಿ ಮಾತ್ರ ಪಾದೋದಕವನ್ನು ಶುದ್ಧವೆಂದು ಸ್ವೀಕರಿಸುವುದೆಂತು?

ಹಾಗಾದರೆ ಕಾಗದದ ಚೀಲ ಸಾಕೆ ಎಂದರೆ, ಅದಕ್ಕೂ ಮರ ಬೇಕು, ನೀರು ಬೇಕು. ಅದನ್ನೂ ಒಮ್ಮೆಗೇ ಎಸೆದರೆ ದುಂದುಗಾರಿಕೆಯ ಬುದ್ಧಿಯು ಉಳಿದೇ ಇರುತ್ತದೆ. ಇದಕ್ಕೆ ಜಂಗಮನ ಜೋಳಿಗೆಯೇ ಪಾಠ. ಮಾಸಿದರೆ ಒಗೆಯುವನು, ಹರಿದರೆ ಹೊಲಿಯುವನು. ಮನೆಮನೆಗೆ ಹೊಸ ಜೋಳಿಗೆಯನ್ನು ಬೇಡನು.

ಆದುದರಿಂದ ಭಕ್ತರು ಸಂತೆಗೆ ಹೊರಡುವಾಗ ಬಟ್ಟೆಯ ಚೀಲವನ್ನೂ, ಹೋಟೆಲಿನಿಂದ ತಿಂಡಿ ತರುವಾಗ ಮುಚ್ಚಳದ ಪಾತ್ರೆಯನ್ನೂ ಒಯ್ಯತಕ್ಕದ್ದು. ಚೀಲವಿಲ್ಲವೆಂದ ವರ್ತಕನ ಮೇಲೆ ಮುನಿಯದೆ, ಮರುದಿನವೂ ಅವನ ಅಂಗಡಿಗೇ ಹೋಗತಕ್ಕದ್ದು. ಅವನ ಸತ್ಯಶುದ್ಧ ಕಾಯಕವನ್ನು ಕಾಯುವುದೂ ಭಕ್ತನ ಆಚಾರವೇ ಅಹುದು.