ಪರಸ್ಥಳದ ಹಬ್ಬದೂಟ



ಬಶೀರಾಬಾದ್, ತಾಂಡೂರು ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು, ಮಾರವಾಡಿ ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ತಾಂಡೂರು ತಾಲೂಕು ಕಲಬುರಗಿ ಜಿಲ್ಲೆಯಿಂದ ಬೇರೆಯಾಯಿತು. ನಂಟಸ್ತಿಕೆ ಮಾತ್ರ ಗಡಿಯ ಎರಡೂ ಕಡೆ ಉಳಿಯಿತು. ಈಗ ನಮ್ಮ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಹೈದರಾಬಾದ್, ಬೆಂಗಳೂರು, ಕಡಲಾಚೆಯ ದೇಶಗಳನ್ನೂ ಸೇರಿದ್ದಾರೆ. ದೀಪಾವಳಿಗೆ ಎಲ್ಲರಿಗೂ ರಜೆ ದೊರೆಯದು. ಅಲ್ಲಿಯೇ ಸ್ನೇಹಿತರೊಡನೆ ಉಣ್ಣುತ್ತಾರೆ. ಮನೆಯವರಿಲ್ಲದ ಹಬ್ಬವೂ ಹಬ್ಬವೇ ಎಂದು ತಾಯಂದಿರು ಮರುಗುವುದುಂಟು. ಈ ಪ್ರಶ್ನೆ ವಿಚಾರಯೋಗ್ಯವಾದುದು.

ನಮ್ಮ ದೀಪಾವಳಿ ಭಗವಾನ್ ಮಹಾವೀರರ ನಿರ್ವಾಣದ ದಿನ. ಶ್ವೇತಾಂಬರ ಪರಂಪರೆಯ ಪ್ರಕಾರ, ಆ ಹೊತ್ತಿನಲ್ಲಿ ಪರಮಶಿಷ್ಯ ಗೌತಮಸ್ವಾಮಿಗಳು ಗುರುವಿನ ಬಳಿ ಇರಲಿಲ್ಲ. ಬೇರೊಂದು ಗ್ರಾಮದಲ್ಲಿ ಉಪದೇಶಕ್ಕಾಗಿ ಹೋಗಿದ್ದರು. ವಾರ್ತೆ ಕೇಳಿ ದುಃಖಿಸಿದರು. ಆಮೇಲೆ ಗುರುವಿನ ಮೇಲಿನ ಮೋಹವೂ ಬಂಧನವೇ ಎಂದು ಅರಿತು ಕೇವಲಜ್ಞಾನ ಪಡೆದರು. ಅಗಲಿಕೆಯ ನೆನಪು ಈ ಹಬ್ಬದಲ್ಲಿಯೇ ಸೇರಿದೆ. ಆದ್ದರಿಂದ ದೂರವಿರುವುದೇ ಹಬ್ಬಕ್ಕೆ ಕುಂದಲ್ಲ.

ಎರಡನೆಯ ನಿದರ್ಶನ ನಮ್ಮ ನೆರೆಯದು. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು ಮುಟ್ಟುತ್ತದೆ. 10ನೆಯ ಶತಮಾನದಲ್ಲಿ ಮೂರನೆಯ ಕೃಷ್ಣನ ಕಾಲದಲ್ಲಿ ಅಪಭ್ರಂಶದ ಕವಿ ಪುಷ್ಪದಂತ ದಣಿದು, ಮನನೊಂದು ಆ ನಗರದ ಹೊರಗಿನ ತೋಪಿಗೆ ಬಂದನು. ಮಂತ್ರಿ ಭರತನು ಅವನನ್ನು ತನ್ನ ಮನೆಯಲ್ಲಿ ಇರಿಸಿಕೊಂಡು ಆದರಿಸಿದನು. ಆ ಆಶ್ರಯದಲ್ಲಿ 965ರಲ್ಲಿ ಮಹಾಪುರಾಣ ಪೂರ್ಣವಾಯಿತು. 972ರಲ್ಲಿ ಪರಮಾರ ಸೀಯಕನ ದಾಳಿಗೆ ಮಾನ್ಯಖೇಟ ಹಾಳಾಯಿತು. ಅರಮನೆ ಹೋಯಿತು, ಪರದೇಶಿಗೆ ಇಕ್ಕಿದ ಅನ್ನದ ಫಲ ಮಾತ್ರ ಇಂದಿಗೂ ನಮ್ಮಲ್ಲಿದೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದು. ಅದು ಮುಖ್ಯವಾಗಿ ಮುನಿಗಳ ಆಹಾರದಾನಕ್ಕೆ ಸಂಬಂಧಿಸಿದ್ದು. ಆದರೂ ತನಗಾಗಿ ಮಾಡಿದ್ದರಲ್ಲಿ ಇನ್ನೊಬ್ಬರಿಗೆ ಪಾಲಿಡುವ ಅಭ್ಯಾಸವನ್ನು ಅದು ಗೃಹಸ್ಥನಿಗೆ ಕಲಿಸುತ್ತದೆ. ಆ ಅಭ್ಯಾಸಕ್ಕೆ ಜಾತಿ, ಭಾಷೆಗಳ ಗಡಿಯಿಲ್ಲ.

ಇಲ್ಲಿ ಒಂದು ತೊಡಕುಂಟು. ಗೆಳೆಯರ ಊಟ ಬಹುಶಃ ರಾತ್ರಿಯಲ್ಲಿ. ಪಲ್ಯದಲ್ಲಿ ಆಲೂಗಡ್ಡೆ, ಈರುಳ್ಳಿ. ಸ್ನೇಹಕ್ಕಾಗಿ ನಿಯಮವನ್ನು ಬಿಡಬೇಕೇ? ನಿಯಮಕ್ಕಾಗಿ ಸ್ನೇಹವನ್ನು ಬಿಡಬೇಕೇ? ಎರಡೂ ಬೇಡ. ನಿಯಮವನ್ನು ಮುಚ್ಚಿಟ್ಟು ಎಲೆಯ ಮುಂದೆ ಮುಖ ಸಿಂಡರಿಸಿದರೆ ಬಡಿಸಿದವರಿಗೆ ನೋವು, ಅದೂ ಹಿಂಸೆಯೇ. ಮೊದಲೇ ವಿನಯದಿಂದ ತಿಳಿಸಿದರೆ ಯಾವ ಮಿತ್ರನೂ ಬೇಸರಿಸನು. ಕಾರ್ತಿಕದ ಹೊತ್ತಿಗೆ ನಮ್ಮ ಸೀಮೆಯಲ್ಲಿ ಸಂಜೆ 6 ಗಂಟೆಗೆ ಮೊದಲೇ ಸೂರ್ಯಾಸ್ತ. ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ತಾನೇ ತೊಗರಿಬೇಳೆಯ ತೊವ್ವೆ, ಹೋಳಿಗೆ ಮಾಡಿ ಕರೆಯಬಹುದು. ನಮಗಾಗಿ ಹೊತ್ತು ಬದಲಿಸಿದ ಗೆಳೆಯನಿಗೆ ನಾವು ಋಣಿಗಳು. ಅವನ ನಿಯಮವನ್ನು ಅಷ್ಟೇ ಆದರದಿಂದ ಕಾಯ್ದರೆ ಆ ಋಣ ತೀರುತ್ತದೆ. ಆತ ರಂಜಾನ್ ಉಪವಾಸದಲ್ಲಿದ್ದರೆ ಅವನಿಗೂ ಸಂಜೆಯ ಹೊತ್ತನ್ನು ಕಾಯುವ ನಿಯಮವಿದೆಯಲ್ಲವೇ?

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಹಬ್ಬದ ದಿನ ಫೋನಿನಲ್ಲಿ ಮಕ್ಕಳನ್ನು “ಏನು ಉಂಡೆ?” ಎಂದು ಕೇಳುತ್ತೇವೆ. “ಯಾರಿಗೆ ಬಡಿಸಿದೆ?” ಎಂದೂ ಕೇಳೋಣ. ನಮ್ಮ ಸೀಮೆಗೂ ಬೇರೆ ರಾಜ್ಯಗಳಿಂದ ದುಡಿಯಲು ಬಂದ ಹುಡುಗರಿದ್ದಾರೆ. ಅವರ ತಾಯಂದಿರೂ ದೂರದಲ್ಲಿ ಮರುಗುತ್ತಿರುತ್ತಾರೆ. ವ್ಯಾಪಾರಿಗಳಾದ ನಾವು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜಿಸುತ್ತೇವೆ. ಪುಸ್ತಕ ತೆರೆಯುವ ಮುನ್ನ ಅಂಥ ಒಬ್ಬರನ್ನು ಊಟಕ್ಕೆ ಕರೆಯೋಣ. ನಮ್ಮ ಮಗನಿಗೆ ಪರಊರಿನಲ್ಲಿ ಯಾರೋ ಎಲೆ ಹಾಕುತ್ತಾರೆಂದು ನಂಬುವವರು, ಇನ್ನೊಬ್ಬರ ಮಗನಿಗೆ ಇಲ್ಲಿ ಎಲೆ ಹಾಕಬೇಕಾದುದು ನ್ಯಾಯ.

ಜೈ ಜಿನೇಂದ್ರ.