ಒಂದೇ ವಾಹನದ ನಿಯಮ

ವ್ರತೋಪವಾಸಗಳ ವಿಚಾರಕ್ಕೆಂದೇ ಮೀಸಲಾದ ಈ ಪುಟಗಳಲ್ಲಿ ಮೋಟಾರು ಕಾರು ಕೊಳ್ಳುವ ಮಾತನ್ನೆತ್ತಿದರೆ ವಾಚಕರಲ್ಲಿ ಕೆಲವರಾದರೂ ನಗುವರೆಂಬುದನ್ನು ಬಲ್ಲೆ. ಆದರೆ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ, ಗೃಹಸ್ಥನು ಕಾಲದ ಮಿತಿಯನ್ನು ಹಾಕಿಕೊಂಡು ನಿಯಮ ಹಿಡಿಯಬೇಕಾದ ವಸ್ತುಗಳನ್ನು ಎಣಿಸುವಾಗ ಭೋಜನದ ಬೆನ್ನಿಗೇ ವಾಹನವನ್ನು ಹೇಳಿದ್ದಾರೆ. ಹಾಸಿಗೆ, ಸ್ನಾನ, ಹೂವು, ತಾಂಬೂಲಗಳೆಲ್ಲ ಅದರ ನಂತರ ಬರುತ್ತವೆ. ಪರಿಮಿತ ಪರಿಗ್ರಹವ್ರತಕ್ಕೆ ಅವರು ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದರ ಹೆಸರೇ ಅತಿವಾಹನ. ಎತ್ತು ಮೊದಲಾದ ಪಶುಗಳನ್ನು ಶಕ್ತಿಮೀರಿ ನಡೆಸುವುದೆಂದು ಕೆಲವರೂ, ಅವಶ್ಯಕ್ಕಿಂತ ಹೆಚ್ಚು ವಾಹನಗಳನ್ನಿಟ್ಟುಕೊಳ್ಳುವುದೆಂದು ಕೆಲವರೂ ಅದಕ್ಕೆ ಅರ್ಥ ಹೇಳುತ್ತಾರೆ. ಉಳಿದವು ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಯಂತ್ರದ ವಾಹನವನ್ನೇ ಕಾಣದ ಕಾಲದ ಈ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಂಡು ಇಂದಿನ ಕಾರಿನ ಮಳಿಗೆಯನ್ನು ಹೊಕ್ಕು ನೋಡಿದರೆ, ಐದೂ ಅಲ್ಲಿ ಎದುರಾಗುತ್ತವೆ.

ನಮ್ಮ ಮನೆಯಲ್ಲಿ ಒಂದೇ ವಾಹನದ ನಿಯಮವು ತಂದೆಯವರ ಕಾಲದಿಂದ ನಡೆದುಬಂದಿದೆ. ಅವರಿಗೆ ಅದು ಕಷ್ಟದ ನಿಯಮವಾಗಿರಲಿಲ್ಲವೆಂದು ಈಗ ಹೇಳಬಹುದು. ಆಗ ಕೊಳ್ಳುವವನ ಮುಂದಿದ್ದುದು ಅಂಬಾಸಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಹಣ ಕಟ್ಟಿ ಸರದಿಗಾಗಿ ವರುಷಗಟ್ಟಲೆ ಕಾಯಬೇಕಿತ್ತು. ಯಾವ ಅಂಗ ಬೇಕು, ಯಾವುದು ಬೇಡ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕೊಳ್ಳುವವನ ಪರವಾಗಿ ಅಂಗಡಿಯೇ ಸಂಯಮವನ್ನು ಪಾಲಿಸುತ್ತಿತ್ತು. ಇಂದು ಒಂದೇ ಹೆಸರಿನ ಕಾರು ಹತ್ತೆಂಟು ದರ್ಜೆಗಳಲ್ಲಿ ದೊರೆಯುತ್ತದೆ; ಕೆಳಗಿನ ದರ್ಜೆಗೂ ಮೇಲಿನ ದರ್ಜೆಗೂ ಬೆಲೆಯಲ್ಲಿ ಒಂದೂವರೆ ಪಟ್ಟು ಅಂತರವಿರುವುದುಂಟು. ಕೊಳ್ಳುವವನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲೇಬೇಕು. ಬಿಡುವುದು ಯಾವುದನ್ನು ಎಂಬುದೇ ಇಲ್ಲಿನ ಧರ್ಮಪ್ರಶ್ನೆ. ಅದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ.

2011ರಲ್ಲಿ ನಾನು ಹೊಸ ಕಾರೊಂದನ್ನು ಕೊಂಡೆ. ಆಗ ಏರ್‌ಬ್ಯಾಗಾಗಲಿ, ಜೋರಾಗಿ ಬ್ರೇಕು ಹಾಕಿದಾಗ ಚಕ್ರಗಳು ಬಿಗಿದು ನಿಲ್ಲದಂತೆ ಕಾಯುವ ಎಬಿಎಸ್ ಆಗಲಿ ಕಡ್ಡಾಯವಾಗಿರಲಿಲ್ಲ. ಅವೆರಡೂ ಇದ್ದ ದರ್ಜೆಗೆ ಸುಮಾರು 40 ಸಾವಿರ ರೂಪಾಯಿ ಹೆಚ್ಚು ತೆರಬೇಕಿತ್ತು. ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಹೊಳೆಯುವ ಅಲಾಯ್ ಚಕ್ರಗಳೂ ಒಳ್ಳೆಯ ಸಂಗೀತ ಯಂತ್ರವೂ ದೊರೆಯುತ್ತಿದ್ದವು. ನಾನು ಚಕ್ರ ಮತ್ತು ಸಂಗೀತಗಳನ್ನು ಆರಿಸಿದೆ. ‘ನಾನು ನಿಧಾನವಾಗಿ ಓಡಿಸುವವನು, ನನ್ನ ಜೀವದ ಚಿಂತೆ ನನಗೆ’ ಎಂದು ಮನೆಯವರಿಗೆ ಸಮಾಧಾನ ಹೇಳಿದ್ದು ನೆನಪಿದೆ. ಆ ಮಾತಿನಲ್ಲಿ ಸ್ವಲ್ಪ ವೈರಾಗ್ಯದ ಧ್ವನಿಯೂ ಇತ್ತು!

2015ರ ಜುಲೈ ತಿಂಗಳಲ್ಲಿ ಧಾರವಾಡದಿಂದ ಹಳಿಯಾಳದ ದಾರಿಯಲ್ಲಿ ಹೋಗುತ್ತಿದ್ದೆ. ಜಿಟಿಜಿಟಿ ಮಳೆ. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಹೊಲದ ದಾರಿಗೆ ಹೊರಳಿದರು. ನಾನು ಬ್ರೇಕು ತುಳಿದೆ. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೂ ಅದು ನೇರವಾಗಿಯೇ ಜಾರಿತು. ಅವರ ತೊಡೆಯ ಮೂಳೆ ಮುರಿಯಿತು. ನನಗೆ ಒಂದು ತರಚೂ ಆಗಲಿಲ್ಲ. ವಿಮೆಯ ಪರಿಹಾರ ಅವರಿಗೆ ಬಂದಿತು, ನಾನೂ ಕೈಲಾದುದನ್ನು ಕೊಟ್ಟೆ. ಆದರೂ ಇಂದಿಗೂ ಅವರು ವಾಲಿ ನಡೆಯುತ್ತಾರೆ, ಎಮ್ಮೆಗಳನ್ನು ಆ ವರುಷವೇ ಮಾರಿದರು. ಎಬಿಎಸ್ ಇದ್ದಿದ್ದರೆ ಅಪಘಾತ ತಪ್ಪುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆ. ಬ್ರೇಕು ತುಳಿದಿರುವಾಗಲೂ ಕಾರನ್ನು ತಿರುಗಿಸುವ ಅವಕಾಶ ಉಳಿಯುತ್ತಿತ್ತು. ಆ ಯಂತ್ರದ ಕೆಲಸವೇ ಅದು.

ಪ್ರಮಾದದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದ ಎಲ್ಲರಿಗೂ ತಿಳಿದ ವಿಷಯ. ಆ ದಿನ ರಸ್ತೆಯಲ್ಲಿ ನನ್ನ ಪ್ರಮಾದವೇನು? ವೇಗ ಹೆಚ್ಚಿರಲಿಲ್ಲ, ನಿದ್ದೆ ಇರಲಿಲ್ಲ, ಕೈಯಲ್ಲಿ ಫೋನಿರಲಿಲ್ಲ. ಬಹಳ ದಿನ ಇದನ್ನೇ ಹೇಳಿಕೊಂಡು ನನ್ನನ್ನು ನಾನು ಬಿಡುಗಡೆ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ತೋರಿದ್ದು ಇಷ್ಟು: ಪ್ರಮಾದವು ನಡೆದದ್ದು ನಾಲ್ಕು ವರುಷ ಹಿಂದೆ, ಮಳಿಗೆಯ ಮೇಜಿನ ಮುಂದೆ, ಬೆಲೆಪಟ್ಟಿಯ ಮೇಲೆ ಬೆರಳಿಟ್ಟ ಗಳಿಗೆಯಲ್ಲಿ. ನಾನು ಬಿಟ್ಟುಕೊಟ್ಟದ್ದು ನನ್ನದೆಂದು ತಿಳಿದಿದ್ದೆ. ಅದು ಆ ಹಾಲಿನವರದಾಗಿತ್ತು.

ಕಾರು ಕೊಳ್ಳುವವನು ಮಾಡಿಕೊಳ್ಳುವ ಹೊಂದಾಣಿಕೆಗಳನ್ನೆಲ್ಲ ಅಂದಿನಿಂದ ನಾನು ಈ ಒಂದು ಪ್ರಶ್ನೆಯಿಂದ ಅಳೆಯುತ್ತೇನೆ: ಇದರ ಬೆಲೆಯನ್ನು ತೆರುವವರು ಯಾರು? ಬಣ್ಣ ಬೇಕಾದುದು ದೊರೆಯದಿದ್ದರೆ ತೆರುವವನು ನಾನು. ಆಸನದ ಬಟ್ಟೆ ಒರಟಾಗಿದ್ದರೆ, ಪರದೆ ಚಿಕ್ಕದಾದರೆ ಆಗಲೂ ನಾನೇ. ಬ್ರೇಕಿನಲ್ಲಿ, ಟೈರಿನಲ್ಲಿ, ದೀಪದಲ್ಲಿ, ಹಿಂದಿನ ಆಸನದ ಪಟ್ಟಿಯಲ್ಲಿ ಮಾಡಿದ ಉಳಿತಾಯ ಹಾಗಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರದ ಮೇಲಿದ್ದವರು. ಐದರಲ್ಲಿ ಹೆಚ್ಚುಕಡಿಮೆ ಒಬ್ಬರು ಕಾಲ್ನಡಿಗೆಯವರು. ಕಾರಿನೊಳಗೆ ಕುಳಿತವರು ಇವರಿಬ್ಬರಿಗಿಂತ ಬಹಳ ಕಡಿಮೆ.

ಈಗ ಕಾನೂನು ಕೆಲವನ್ನು ನಮ್ಮ ಆಯ್ಕೆಯಿಂದ ತೆಗೆದುಹಾಕಿದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಮುಂದಿನ ಎರಡು ಆಸನಗಳಿಗೆ ಏರ್‌ಬ್ಯಾಗು ಬಂದಿದೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಎಂಬ ಪರೀಕ್ಷೆ ನಡೆದು, ಕಾರನ್ನು ಡಿಕ್ಕಿ ಹೊಡೆಸಿ ನೋಡಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆಬೇರೆಯಾಗಿ ಸೊನ್ನೆಯಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಮಕ್ಕಳಿಗೆ ಸಂದ ನಕ್ಷತ್ರವನ್ನು ಬೇರೆಯಾಗಿ ಕೇಳಬೇಕು; ಮಾರುವವರು ದೊಡ್ಡ ಅಂಕಿಯನ್ನೇ ಹೇಳಿಬಿಡುತ್ತಾರೆ. ಪರೀಕ್ಷೆಗೆ ಕಾರನ್ನು ಒಪ್ಪಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು ಎಂಬುದನ್ನೂ ಮರೆಯಬಾರದು.

ಆದರೆ ಇಲ್ಲಿ ಒಂದು ತೊಡಕಿದೆ, ಅದನ್ನು ನಾನು ಪೂರ್ತಿ ಬಿಡಿಸಲಾರೆ. ಆ ನಕ್ಷತ್ರಗಳಲ್ಲಿ ಬಹುಪಾಲು ಒಳಗೆ ಕುಳಿತವರ ಲೆಕ್ಕ. ‘ಭಾರಿಯಾದ ದೊಡ್ಡ ಗಾಡಿಯನ್ನೇ ಕೊಳ್ಳಿರಿ, ಮಕ್ಕಳು ಮರಿಗಳಿರುವ ಮನೆ’ ಎಂದು ಹಿತೈಷಿಗಳು ಹೇಳುತ್ತಾರೆ. 1,700 ಕಿಲೋ ತೂಕದ ಎತ್ತರದ ಗಾಡಿಯೂ 900 ಕಿಲೋ ತೂಕದ ಚಿಕ್ಕ ಕಾರೂ ಎದುರುಬದುರಾದರೆ ಪೆಟ್ಟು ಚಿಕ್ಕದಕ್ಕೇ ಹೆಚ್ಚು. ತಗ್ಗಾದ ಬಾನೆಟ್ಟು ಕಾಲಿಗೆ ಬಡಿಯುವ ಕಡೆ ಎತ್ತರದ ಬಾನೆಟ್ಟು ಎದೆಗೆ, ಮಗುವಾದರೆ ತಲೆಗೇ ಬಡಿಯುತ್ತದೆ. ನನ್ನವರನ್ನು ಉಳಿಸುವ ಭಾರವೇ ಹೊರಗಿನವರಿಗೆ ಘಾತಕವಾದರೆ ಅಹಿಂಸಾಣುವ್ರತಿಯು ಏನು ಮಾಡಬೇಕು? ಮನೆಯವರ ರಕ್ಷಣೆ ಗೃಹಸ್ಥನ ಕರ್ತವ್ಯವಲ್ಲವೆನ್ನಲು ಸಾಧ್ಯವಿಲ್ಲ. ಹೊರಗಿನವರಿಗೆ ಹಾನಿಯಾಗದಂತೆ ಒಳಗಿನವರನ್ನು ಕಾಯುವ ಅಂಗಗಳಿಗೆ ಮೊದಲು ಹಣ ಹಾಕುವುದು, ತೂಕದಿಂದ ರಕ್ಷಣೆಯನ್ನು ಕೊಳ್ಳದಿರುವುದು, ಇಷ್ಟರಮಟ್ಟಿಗೆ ನಾನು ಬಂದು ನಿಂತಿದ್ದೇನೆ. ಜಾರುವ ಕಾರನ್ನು ಹದಕ್ಕೆ ತರುವ ಇಎಸ್‌ಸಿ, ಪಕ್ಕದ ಏರ್‌ಬ್ಯಾಗುಗಳು, ನಡುವಿನ ಆಸನಕ್ಕೂ ಇರುವ ತಲೆಯಾಸರೆ ಈ ಜಾತಿಯವು.

2025ರಲ್ಲಿ ದೀಪಾವಳಿ ಕಳೆದ ಮೇಲೆ ನಾವು ಮತ್ತೆ ಮಳಿಗೆಗೆ ಹೋಗಬೇಕಾಯಿತು. ಹಳೆಯ ಕಾರಿನ ನೋಂದಣಿಯ 15 ವರುಷ ಮುಗಿಯುತ್ತ ಬಂದಿತ್ತು. ಹೋಗುವ ಮೊದಲೇ ಮನೆಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದೆವು. ಉಪವಾಸದ ಸಂಕಲ್ಪವನ್ನು ಯಾರೂ ಅಡಿಗೆಮನೆಯಲ್ಲಿ ನಿಂತು ಮಾಡುವುದಿಲ್ಲವಷ್ಟೆ. ಬೆಲೆಯ ಮಿತಿ 9 ಲಕ್ಷ ರೂಪಾಯಿ. ಐವರು ಕುಳಿತು ಹೊಂಬುಜದ ದರ್ಶನ ಮಾಡಿ, ಆಗುಂಬೆಯ 14 ತಿರುವುಗಳನ್ನು ಇಳಿದು ಮೂಡಬಿದಿರೆಗೆ ಹೋಗಿಬರುವಷ್ಟು ಶಕ್ತಿ ಎಂಜಿನ್ನಿಗಿರಬೇಕು. ಇಲ್ಲದಿದ್ದರೆ ಘಟ್ಟವೇರುವಾಗ ಎಂಜಿನ್ನು ಏದುಸಿರು ಬಿಡುತ್ತದೆ; ಅತಿಭಾರವಹನವೆಂದರೆ ಅದೇ ಇರಬೇಕೆಂದು ನನ್ನ ಸೊಸೆ ತಮಾಷೆ ಮಾಡಿದಳು. ಸೋಸಿದ ನೀರಿನ ಪಾತ್ರೆಗಳು, ಅಡಿಗೆಯ ಸಾಮಾನುಗಳಿಗೆ ಹಿಂದೆ ಸ್ಥಳವಿರಬೇಕು. ಆದ್ದರಿಂದ ಸಿಎನ್‌ಜಿಯ ವಿಚಾರ ಬಿದ್ದುಹೋಯಿತು, ಸಿಲಿಂಡರು ಆ ಸ್ಥಳವನ್ನು ನುಂಗುತ್ತದೆ. ವಿದ್ಯುತ್ತಿನ ಕಾರು ಊರೊಳಗಿನ ಓಡಾಟಕ್ಕೆ ಒಳ್ಳೆಯದೆಂದು ಒಪ್ಪಿದೆವು, ನಮ್ಮ ಮಿತಿಯೊಳಗೆ ಘಟ್ಟದ ಪ್ರಯಾಣಕ್ಕೆ ಒದಗುವುದು ದೊರೆಯಲಿಲ್ಲ.

ಮರೆತೇಬಿಡುತ್ತಿದ್ದ ಒಂದು ಅಂಶವನ್ನು ಸೊಸೆಯೇ ಎತ್ತಿದಳು: “ಅತ್ತೆಯವರಿಗೂ ಅಜ್ಜಿಗೂ ಮೊಣಕಾಲಿನ ನೋವು. ಅಜ್ಜಿ ಹತ್ತಿ ಇಳಿಯಲಾರದ ಕಾರನ್ನು ತಂದು ಏನು ಮಾಡುವುದು ಮಾವ?” ನಮ್ಮವ್ವನಿಗೆ ಈಗ 82 ವರುಷ. ಅವರನ್ನೇ ಕರೆದೊಯ್ದು ಪ್ರತಿ ಕಾರಿನಲ್ಲೂ ಕೂರಿಸಿ ಎಬ್ಬಿಸಿ ನೋಡಿದೆವು. ಎತ್ತರದ ಗಾಡಿಗೆ ಏರಲಾರರು, ತಗ್ಗಿನ ಕಾರಿನಿಂದ ಏಳಲಾರರು. ಆಸನವು ಸರಿಯಾಗಿ ಅವರ ಸೊಂಟದ ಮಟ್ಟಕ್ಕಿದ್ದ ಎರಡೇ ಕಾರು ಉಳಿದವು. ಹಾಳೆಯಲ್ಲಿದ್ದ ಹಲವು ಚರ್ಚೆಗಳು ಆ ಕ್ಷಣಕ್ಕೆ ಮುಗಿದವು.

ಮಳಿಗೆಯ ಹುಡುಗನು ಬಹಳ ವಿನಯವಂತ. ಮೇಲ್ಛಾವಣಿ ತೆರೆಯುವ ಸನ್‌ರೂಫನ್ನು ತೋರಿಸಿದ. ನನ್ನ ಮಗನ ಕಣ್ಣು ಅರಳಿತು. ಅತಿವಿಸ್ಮಯವನ್ನು ನಾನು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ. ಆ ವರುಷದ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇಕಡ 18ಕ್ಕೆ ಇಳಿದಿತ್ತು. “ಅಪ್ಪಾ, ಉಳಿದ ತೆರಿಗೆಯ ಹಣದಲ್ಲೇ ಮೇಲಿನ ದರ್ಜೆ ಬರುತ್ತದೆ” ಎಂದ. ಲೋಭವು ಖರ್ಚಿನ ವೇಷದಲ್ಲಿ ಬಾರದೆ ಉಳಿತಾಯದ ವೇಷದಲ್ಲೇ ಬಂದಿತು. ಮಗನನ್ನು ಹಳಿಯಲಾರೆ, 2011ರಲ್ಲಿ ನಾನು ಅವನಿಗಿಂತ ಬಹಳ ಹಿರಿಯನಾಗಿದ್ದೆ. ಹಾಳೆಯನ್ನು ಅವನ ಕೈಗೆ ಕೊಟ್ಟೆ. ಮಧ್ಯದ ದರ್ಜೆಯಲ್ಲೇ ಆರು ಏರ್‌ಬ್ಯಾಗುಗಳೂ ಇಎಸ್‌ಸಿಯೂ ಇದ್ದುದನ್ನು ಅವನೇ ಹುಡುಕಿ ಹೇಳಿದ.

ನಮ್ಮ ಮನೆತನದವರು ಕೇಳಲೇಬೇಕಾದ ಇನ್ನೊಂದು ವಿಷಯ ಚರ್ಮ. ಮೇಲಿನ ದರ್ಜೆಗಳಲ್ಲಿ ಸ್ಟೇರಿಂಗಿಗೂ ಗೇರಿನ ಹಿಡಿಗೂ ಚರ್ಮ ಸುತ್ತಿರುವುದುಂಟು. ಆಸನಗಳು ಬಹುಮಟ್ಟಿಗೆ ಕೃತಕ ಚರ್ಮದವು, ದುಬಾರಿ ಕಾರುಗಳಲ್ಲಿ ನಿಜವಾದ ಚರ್ಮವೇ ಇರುತ್ತದೆ. ನೋಡಿ ಹೇಳುವುದು ಕಷ್ಟ. ಬಾಯಿಮಾತಿಗೆ ನಿಲ್ಲದೆ ಬರೆಹದಲ್ಲಿ ಕೇಳಿ ಪಡೆಯುವುದು ಲೇಸು. ನಾವು ಬಟ್ಟೆಯ ಆಸನವನ್ನೇ ಆರಿಸಿದೆವು. ಮಳೆಗಾಲದ ಇರುಳು ದೀಪಕ್ಕೆ ಮುಗಿಬೀಳುವ ಈಸಲುಹುಳುಗಳಿಗೆ ಮಾತ್ರ ಯಾವ ದರ್ಜೆಯ ಕಾರಿನಲ್ಲೂ ಪರಿಹಾರವಿಲ್ಲ. ಸಂಜೆಗೆ ಮುಂಚೆ ಊರು ಸೇರುವಂತೆ ಹೊರಡುವುದೊಂದೇ ದಾರಿ.

ಹೊಸ ಕಾರು ಅಂಗಳಕ್ಕೆ ಬಂದ ದಿನ ಹಳೆಯದೂ ಅಲ್ಲೇ ನಿಂತಿತ್ತು. ಎರಡು ವಾಹನವಾದವು. ಅವ್ವ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ತುಪ್ಪ ಬೇಡವೆಂದರು. ಹಳೆಯ ಕಾರು ಹೋಗುವವರೆಗೆ ತುಪ್ಪದ ತ್ಯಾಗವೆಂದು ತಿಳಿಯಿತು. ಅದನ್ನು ಬೇಗ ಮಾರಬೇಕು. ಆದರೆ ಯಾವ ಕೊರತೆಗಾಗಿ ಹತ್ತು ವರುಷ ಪಶ್ಚಾತ್ತಾಪಪಟ್ಟೆನೋ ಆ ಕೊರತೆಯನ್ನೇ ಇನ್ನೊಬ್ಬರಿಗೆ ಹಣ ಪಡೆದು ದಾಟಿಸಬಹುದೇ? ಸರಕಾರ ಒಪ್ಪಿದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಮಾರಿದ ಬೆಲೆಯ ಕಾಲುಭಾಗವೂ ಬಾರದು. ಹಣವೊಂದೇ ಪ್ರಶ್ನೆಯಾಗಿದ್ದರೆ ಸುಲಭವಿತ್ತು.

ಹನ್ನೊಂದನೆಯ ದಿನ ಕಲಘಟಗಿಯ ಕಡೆಯ ಶಾಲಾಮಾಸ್ತರರೊಬ್ಬರು ಬಂದರು. ಎಬಿಎಸ್ ಇಲ್ಲ, ಏರ್‌ಬ್ಯಾಗಿಲ್ಲ, ಮಳೆಯಲ್ಲಿ ಜಾರುತ್ತದೆ, ಒಬ್ಬರ ಕಾಲು ಮುರಿದ ಕಾರು ಇದೆಂದು ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, “ನಾವೀಗ ನಾಲ್ಕು ಮಂದಿ ಒಂದೇ ಬೈಕಿನ ಮೇಲೆ ಅಡ್ಡಾಡ್ತೀವಿ ಸರ್. ಇದು ಅದಕ್ಕಿಂತ ಕೆಟ್ಟದ್ದೇನು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕೂ ಹೊಸ ಟೈರುಗಳನ್ನು ಹಾಕಿಸಿ, ಬ್ರೇಕಿನ ಪ್ಯಾಡುಗಳನ್ನು ಬದಲಿಸಿ, ಮೂರು ದಿನ ಬಿಟ್ಟು ಕೊಟ್ಟೆ. ಸಂಜೆ ನಾಲ್ಕಕ್ಕೆ ಅವರು ಹೊರಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು.

ಐದೂವರೆಗೆ ಅವ್ವನ ಊಟಕ್ಕೆ ಸೊಸೆ ತುಪ್ಪದ ಗಿಂಡಿಯನ್ನು ತಂದಳು. ಅವ್ವ ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದು, “ಮಾಸ್ತರು ಊರು ಮುಟ್ಟಿದ ಸುದ್ದಿ ಬರಲಿ, ಆಮ್ಯಾಲೆ ಬಡಿಸು” ಎಂದರು. ಅವರ ಫೋನು ಬಂದಾಗ ಸೂರ್ಯಾಸ್ತವಾಗಿತ್ತು.