ಅರ್ಕಾವತ್ತು ಎಲ್ಲಿರಬೇಕು

ಹೊನ್ನಾಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟವರ ಹೊಟ್ಟೆ ಹೊರೆಯುವುದು ಎರಡೇ: ಮದುವೆ ಮತ್ತು ಸಾವು. ನಾಮಕರಣದ ಕರೆಯನ್ನು ಈಗ ಮೊಬೈಲಿನಲ್ಲೇ ಮಾಡಿ ಕಳಿಸುತ್ತಾರೆ. ಲಗ್ನಪತ್ರಿಕೆಗೆ ಮಾತ್ರ ಕಾಗದವೇ ಆಗಬೇಕು, ಮೊಬೈಲಿಗೆ ಅರಿಶಿನ ಹಚ್ಚಲಿಕ್ಕಾಗುವುದಿಲ್ಲ. ಶಿವಗಣಾರಾಧನೆಯ ಕಾರ್ಡನ್ನೂ ಜನ ಕೈಗೇ ಕೊಡುತ್ತಾರೆ, ಅದೂ ಅರ್ಧ ದನಿಯಲ್ಲಿ ಮಾತಾಡುತ್ತ.

ಈ ಎರಡು ಕೆಲಸಕ್ಕೆಂದೇ ನನ್ನ ಬಳಿ ಒಂದು ಹಳೇ ಕಂಪ್ಯೂಟರಿದೆ. ವಿಂಡೋಸ್ 7, ಅದರೊಳಗೆ ಪುಟ ಜೋಡಿಸುವ ಪೇಜ್‌ಮೇಕರ್ 7, ಅದರೊಳಗೆ ಕನ್ನಡ ಒತ್ತುವ ನುಡಿ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ಸಂಕ್ರಾಂತಿಯ ಹಿಂದಿನ ದಿನ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಅದಕ್ಕೆ ಎಂಟನೆಯದು ಹುಟ್ಟಲೇ ಇಲ್ಲ. ಈ ಯಂತ್ರಕ್ಕೆ ನಾನು ಇಂಟರ್ನೆಟ್ ಕೊಟ್ಟಿಲ್ಲ. ಹೊರಗಿನ ಗಾಳಿ ತಾಗದ ಬಾಣಂತಿಯ ಹಾಗೆ ಮೂಲೆಯಲ್ಲಿ ಬೆಚ್ಚಗಿದೆ.

ಬೆಂಗಳೂರಿನಲ್ಲಿರುವ ತಂಗಿಯ ಮಗ ದೀಪಾವಳಿಗೆ ಬಂದಾಗ ಇದನ್ನು ನೋಡಿ ತಲೆ ಚಚ್ಚಿಕೊಂಡ. "ದೊಡ್ಡಮ್ಮ, ಹತ್ತಕ್ಕೇ ಅಕ್ಟೋಬರ್ 14ಕ್ಕೆ ಸಪೋರ್ಟ್ ಹೋಯ್ತು. ನೀವಿನ್ನೂ ಏಳರಲ್ಲಿದ್ದೀರಾ?" ಹನ್ನೊಂದನ್ನು ಹಾಕಿಬಿಡು ಎಂದೆ. ಅದು ಈ ಡಬ್ಬಕ್ಕೆ ಹತ್ತುವುದಿಲ್ಲವಂತೆ. ಟಿಪಿಎಂ 2.0 ಎಂಬ ಚಿಪ್ಪು ಬೇಕು, ಪ್ರೊಸೆಸರ್ ಹೊಸ ತಲೆಮಾರಿನದಾಗಿರಬೇಕು. ಅಂದರೆ ಹೊಸದನ್ನೇ ಕೊಳ್ಳಬೇಕು. "ಏನೂ ಯೋಚನೆ ಮಾಡ್ಬೇಡಿ, ಒಳಗಿರೋದೆಲ್ಲ ಹಾಗೇ ಬರುತ್ತೆ. ಬಾಕ್ಸ್ ಮಾತ್ರ ಹೊಸದು" ಎಂದ.

ಅಂಗಡಿಯಲ್ಲಿ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಕನ್ನಡಕ ತೆಗೆದು, "ಇದನ್ನೇ ಅಲ್ವೇನಮ್ಮಾ ಕೃಷ್ಣ ಎರಡನೇ ಅಧ್ಯಾಯದಲ್ಲಿ ಹೇಳಿದ್ದು?" ಎಂದರು. ಹಳೇ ಬಟ್ಟೆ, ಹೊಸ ಬಟ್ಟೆಯ ಹೋಲಿಕೆ. ಸಾವಿನ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹುಡುಗನಿಗೂ ಖುಷಿಯಾಯಿತು.

ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಯಾಕೆಂದು ತಿಳಿದದ್ದು ಮರುವಾರ.

ನ್ಯಾಮತಿ ಕಡೆಯ ಒಬ್ಬರು ಬಂದರು. ತಾಯಿ ಲಿಂಗೈಕ್ಯರಾಗಿದ್ದರು. "2009ರಾಗೆ ಅಪ್ಪಂದು ನೀವೇ ಮಾಡಿದ್ರಲ್ಲ ಅಕ್ಕಾ, ಅದೇ ಮ್ಯಾಟರ್ ಅವ್ವಂಗೆ ತಿರುಗಿಸಿ ಮಾಡ್ರಿ. ಮೊದ್ಲು ಅಪ್ಪಂದನ್ನ ನನ್ ಮೊಬೈಲಿಗೆ ಹಾಕ್ರಿ, ನೆಂಟರ ಹೆಸರು ಬಿಟ್ಟುಹೋಗ್ಬಾರ್ದು" ಎಂದರು. ಫೈಲನ್ನು ಪೆನ್‌ಡ್ರೈವಿನಲ್ಲಿ ಇಂಟರ್ನೆಟ್ ಇರುವ ಯಂತ್ರಕ್ಕೆ ತಂದು, ಮ್ಯಾಟರ್ ಕಾಪಿ ಮಾಡಿ ವಾಟ್ಸಪ್ಪಿಗೆ ಅಂಟಿಸಿದೆ. ಅವರು ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಕಾ, ಇದ್ರಾಗೆ ಅಪ್ಪನ ಹೆಸರೇ ಇಲ್ವಲ್ಲ?"

ಇರಲಿಲ್ಲ. ಅಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡಿನ ಗುರುತು.

ಡಿಟಿಪಿಯವರಿಗೆಲ್ಲ ಇದು ಗೊತ್ತಿರುವ ಸಂಗತಿ, ಹೊರಗಿನವರಿಗೆ ಹೇಳುವುದಿಲ್ಲ ಅಷ್ಟೆ. ಹಳೆಯ ನುಡಿ ಫೈಲಿನೊಳಗೆ ಕನ್ನಡ ಇರುವುದಿಲ್ಲ. 'ಕನ್ನಡ' ಎಂದು ಒತ್ತಿದರೆ ಒಳಗೆ ಕೂರುವುದು ದೊಡ್ಡ ಪಿ, ಗೀಟಿನ ಎ, ಪೌಂಡು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಆ ಗೀಟಿನ ಎ ಅಂದರೆ ತಲಕಟ್ಟು. ಪೌಂಡು ಅಂದರೆ 'ನ'ದ ಒಡಲು. 'ವ'ದ ಒಡಲಿಗೆ ಒಂದು ಕೊಂಬು ಅಂಟಿಸಿದರೆ 'ಮ'. ಫಾಂಟು ಇವುಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತದೆ. ನಮ್ಮ ಕಂಪ್ಯೂಟರುಗಳಿಗೆ ಕನ್ನಡದ ಕೋಡು ಇನ್ನೂ ತಲುಪದಿದ್ದ ಕಾಲದ ಜಾಣತನ ಇದು. ಅದಿಲ್ಲದಿದ್ದರೆ ನನ್ನಂಥವಳು ಅಂಗಡಿ ತೆರೆಯುತ್ತಲೇ ಇರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಜಾಗ 1991ರಲ್ಲೇ ಸಿಕ್ಕಿತ್ತು. ಅದು ನಮ್ಮ ಪೇಟೆಯ ಅಚ್ಚಿನ ಕೆಲಸಕ್ಕೆ ಇಳಿಯಲು ಎಷ್ಟೋ ವರ್ಷ ಹಿಡಿಯಿತು.

ಈಗ ಕೃಷ್ಣನ ಹೋಲಿಕೆ ನೋಡಿ. ಅಲ್ಲಿ ಬಟ್ಟೆ ಬೀಳುತ್ತದೆ, ಉಟ್ಟವನು ಉಳಿಯುತ್ತಾನೆ. ನನ್ನ ಫೈಲಿನಲ್ಲಿ ಬಟ್ಟೆ ಕಳಚಿದರೆ ಒಳಗೆ ಯಾರೂ ಇಲ್ಲ. ಕನ್ನಡ ಗೊತ್ತಿದ್ದದ್ದು ಬಟ್ಟೆಗೆ ಮಾತ್ರ. ಹೊಸ ಯಂತ್ರಕ್ಕೂ ನುಡಿ ಫಾಂಟು ಹಾಕಿದರೆ ಕಣ್ಣಿಗೆ ಕನ್ನಡ ಕಾಣಿಸುತ್ತದೆ, ನಿಜ. ಆದರೆ ಹೆಸರು ಹುಡುಕಿದರೆ ಸಿಗದು, ಮೊಬೈಲಿಗೆ ಹೋದರೆ ಪೌಂಡು. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಕೃಷ್ಣನನ್ನು ಬಿಟ್ಟು ತುಂಗಭದ್ರೆಗೆ ಬಂದರು: ನೀರು ದಿನಾ ಬೇರೆ, ಹೊಳೆ ಅದೇ ಎಂದು. ಹೊಳೆಗೆ ಪೇಜ್‌ಮೇಕರ್ ಇಲ್ಲ ಮೇಷ್ಟ್ರೇ ಎಂದೆ. ಸ್ಥಾವರಕ್ಕೆ ಅಳಿವು, ಜಂಗಮಕ್ಕಿಲ್ಲ ಎನ್ನುವ ಬಸವಣ್ಣನ ವಿಚಾರವನ್ನೂ ತಂದರು. ಕಂಪ್ಯೂಟರ್ ಮಾರುವವರ ಬಾಯಲ್ಲಿ ಈ ಮಾತು ಬಲು ಸಲೀಸು. ಬದಲಾಗುತ್ತಿರುವುದೆಲ್ಲ ಜಂಗಮ ಎಂದು ಅವರ ಅರ್ಥ. ಆದರೆ ನಮ್ಮೂರಿನ ಮಠದ ಹೆಸರೇ ಹಿರೇಕಲ್ಮಠ. ಜಂಗಮರೂ ಕಲ್ಲಿನ ಮನೆ ಕಟ್ಟಿಕೊಂಡೇ ಇರುತ್ತಾರೆ, ಅದರಲ್ಲಿ ವಿರೋಧ ಏನೂ ಇಲ್ಲ.

ಕಾರ್ಡಿನ ವಿಳಾಸ ತಿದ್ದುವಾಗ ಬೇರೊಂದು ಹೊಳೆಯಿತು. ಆ ತಾಯಿ ಮದುವೆಯಾಗಿ ಬಂದಾಗ ಅವರ ಊರು ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು. ಗಂಡ ತೀರಿಕೊಂಡದ್ದು ಹೊನ್ನಾಳಿ ತಾಲ್ಲೂಕಿನಲ್ಲಿ, ಈಕೆ ತೀರಿಕೊಂಡದ್ದು ನ್ಯಾಮತಿ ತಾಲ್ಲೂಕಿನಲ್ಲಿ. ಮನೆ ಒಂದೇ, ಪಡಸಾಲೆಯ ಕಂಬವೂ ಅದೇ ಇದ್ದೀತು. ಆಕೆಯನ್ನು ಯಾರೂ ಅಪ್‌ಗ್ರೇಡ್ ಮಾಡುತ್ತೇವೆಂದು ಕೇಳಲಿಲ್ಲ. ಆಕೆಗೆ ಅದರಿಂದ ಏನೂ ಆಗಲೂ ಇಲ್ಲ, ಯಾಕೆಂದರೆ ಊರಿನವರಿಗೆ ಎರಡೂ ವಿಳಾಸ ಗೊತ್ತಿತ್ತು. ಹಳೆಯ ಜಿಲ್ಲೆಯ ಹೆಸರು ಬರೆದ ಕಾಗದವೂ ಬಂದು ಮುಟ್ಟಿರುತ್ತದೆ, ಅಂಚೆಯವನಿಗೆ ಗೊತ್ತಿರುವ ತನಕ.

ಅವತ್ತು ಆ ಮನುಷ್ಯನ ಮೊಬೈಲನ್ನು ನಾನೇ ಇಸಿದುಕೊಂಡು ಆ ಪೌಂಡು, ಗೀಟುಗಳನ್ನೇ ಓದಿ ಹೇಳತೊಡಗಿದೆ. ಅಪ್ಪನ ಹೆಸರು, ದೊಡ್ಡಪ್ಪನ ಹೆಸರು, ಬೀಗರ ಊರು. ಇಷ್ಟು ವರ್ಷ ಕೆಟ್ಟ ಫೈಲುಗಳನ್ನು ನೋಡಿ ನೋಡಿ ಬಂದ ವಿದ್ಯೆ. ಅವರು ನನ್ನನ್ನು ಮಂತ್ರವಾದಿಯನ್ನು ನೋಡುವಂತೆ ನೋಡಿದರು. ಹಾಗಾದರೆ ಅಪ್ಪನ ಹೆಸರು ಎಲ್ಲಿತ್ತು? ಫೈಲಿನಲ್ಲಿರಲಿಲ್ಲ, ಮೊಬೈಲಿನಲ್ಲಿರಲಿಲ್ಲ. ಫಾಂಟಿನಲ್ಲಿ ಒಂದಿಷ್ಟು, ಎರಡೂ ಲಿಪಿ ಬಲ್ಲವರ ಕಣ್ಣಲ್ಲಿ ಒಂದಿಷ್ಟು.

ಹಿಂದೊಮ್ಮೆ ಒಂದು ಗುಡಿಯ ಜೀರ್ಣೋದ್ಧಾರದ ಆಮಂತ್ರಣ ಮಾಡುವಾಗ 'ಕಲಾಕರ್ಷಣೆ', 'ಬಾಲಾಲಯ' ಎಂಬ ಪದಗಳು ಬಂದಿದ್ದವು. ಕಾಗುಣಿತ ಸರಿಯೇ ಎಂದು ಅರ್ಚಕರನ್ನು ಕೇಳಿದೆ, ಅವರು ಅರ್ಥವನ್ನೂ ಹೇಳಿದರು. ಹಳೇ ಗುಡಿ ಬಿಚ್ಚುವ ಮುಂಚೆ ಮೂರ್ತಿಯಲ್ಲಿರುವ ಕಳೆಯನ್ನು ಮಂತ್ರದಿಂದ ಕುಂಭದ ನೀರಿಗೆ ಇಳಿಸುತ್ತಾರೆ. ಕೆಲಸ ಮುಗಿಯುವವರೆಗೆ ಚಿಕ್ಕದೊಂದು ತಾತ್ಕಾಲಿಕ ಗುಡಿಯಲ್ಲಿ ಪೂಜೆ, ಅದೇ ಬಾಲಾಲಯ. ಆಮೇಲೆ ಮರುಪ್ರತಿಷ್ಠೆ. ದೇವರು ಸರ್ವವ್ಯಾಪಿ ಎಂದು ನಂಬಿದವರೇ ಹೀಗೆ ಮಾಡುತ್ತಾರೆ. ತಾನಾಗಿ ಬರುತ್ತಾನೆ ಬಿಡು ಎನ್ನುವುದಿಲ್ಲ. ಹಳೆಯ ಮೂರ್ತಿಯನ್ನೂ ಹೊಸ ಗುಡಿಯನ್ನೂ ಬಲ್ಲ ಒಬ್ಬ ಆಚಾರ್ಯ ನಡುವೆ ನಿಂತು ದಾಟಿಸಬೇಕು. ಅವನು ಸತ್ತ ಮೇಲೆ ಗುಡಿ ಬಿಚ್ಚಿದರೆ ಕಲ್ಲು ಮಾತ್ರ ಸಿಗುತ್ತದೆ.

ನನಗೀಗ ಐವತ್ತಾರು. ಎಡಗಣ್ಣಿಗೆ ಪೊರೆ ಬರುತ್ತಿದೆ. ಬದಲಾಯಿಸಬೇಕೋ ಬೇಡವೋ ಎಂದು ಆರು ವರ್ಷ ತೂಗಿದ್ದು ಯಂತ್ರದ ಆಯುಸ್ಸನ್ನು. ನನ್ನ ಆಯುಸ್ಸನ್ನು ತಕ್ಕಡಿಗೆ ಹಾಕಿಯೇ ಇರಲಿಲ್ಲ. ಹುಡುಗನಿಗೆ ಫೋನು ಮಾಡಿ ಹೊಸದು ತರಿಸು ಎಂದೆ. ಹಳೆಯದು ಇಲ್ಲೇ ಇರುತ್ತದೆ, ಬಿಸಾಕುವ ಮಾತಾಡಬೇಡ ಎಂದೂ ಹೇಳಿದೆ.

ಈಗ ದಿನಕ್ಕೆ ನಾಲ್ಕೈದು ಫೈಲು ದಾಟಿಸುತ್ತೇನೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಮುಕ್ಕಾಲು ಕೆಲಸ ತಾನೇ ಮಾಡುತ್ತದೆ. ಕಾಡುವುದು ಅರ್ಕಾವತ್ತು. ನಾವು 'ಧರ್ಮ' ಎನ್ನುವಾಗ ರ್ ಮೊದಲು, ಮ ಆಮೇಲೆ. ಬರೆಯುವಾಗ ಮ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫೈಲು ಕಣ್ಣಿಗೆ ಕಂಡ ಕ್ರಮ ಇಟ್ಟುಕೊಂಡಿತ್ತು, ಯೂನಿಕೋಡು ಕಿವಿಗೆ ಕೇಳಿದ ಕ್ರಮ ಕೇಳುತ್ತದೆ. ಒಂದು ರೂಪ, ಒಂದು ನಾದ. ಈ ಕೊಂಡಿ ತಪ್ಪಿದಲ್ಲಿ ಪದ ಮುರಿಯುತ್ತದೆ. ವಿಚಿತ್ರವೆಂದರೆ ಧರ್ಮ, ಕರ್ಮ, ಸ್ವರ್ಗ, ಅರ್ಚನೆ, ಎಲ್ಲದರಲ್ಲೂ ಅರ್ಕಾವತ್ತೇ. ಹಳೇ ಕೆಲವು ಕಾರ್ಡಿನಲ್ಲಿ ಅವಸರಕ್ಕೆ ನಾನೇ ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತನ್ನು ಒತ್ತಿದ್ದೇನೆ. ನೋಡಲು ಎರಡೂ ಒಂದೇ ಥರ, ಯಾರಿಗೂ ಗೊತ್ತಾಗಿರಲಿಲ್ಲ. ಈಗ ಒಂದೊಂದಾಗಿ ಸಿಕ್ಕಿಬೀಳುತ್ತಿವೆ.

ನ್ಯಾಮತಿಯವರ ಕಾರ್ಡೇ ಮೊದಲು ದಾಟಿದ್ದು. 2009ರ ಮ್ಯಾಟರಿನಲ್ಲಿ ಗಂಡನ ಹೆಸರಿನ ಕೆಳಗೆ ದುಃಖತಪ್ತರ ಸಾಲಿನಲ್ಲಿ ಆಕೆಯದೇ ಮೊದಲ ಹೆಸರು, ಅದರ ಹಿಂದೆ ಧರ್ಮಪತ್ನಿ ಎಂದಿತ್ತು. ಬದಲಾಗಿ ಬಂದಾಗ 'ಧಮರ್‌ಪತ್ನಿ' ಆಗಿತ್ತು. ಆ ಮಗ ಹಿಂದೆ ನಿಂತು ನೋಡುತ್ತಿದ್ದರು, ಅವರಿಗೆ ತಪ್ಪು ಕಾಣಲಿಲ್ಲ. ನಾನು ರ್ ಅನ್ನು ಅಳಿಸಿ ಮಕಾರದ ಹಿಂದಕ್ಕೆ ತಂದೆ. ಅರ್ಕಾವತ್ತು ತಾನಾಗಿ ಹಾರಿ ಮ ಆದಮೇಲೆ ಕುಳಿತಿತು. ಆಮೇಲೆ ಆ ಸಾಲನ್ನು ಎತ್ತಿ ಮೇಲಕ್ಕೆ ತಂದು, ಹೆಸರಿನ ಮುಂಚೆ 'ಲಿಂ.' ಎಂದು ಸೇರಿಸಿದೆ.